ಮೀನಿನ ಕಣ್ಣಿನ ನರ ಮತ್ತೆ ಚಿಗುರುತ್ತೆ. ನಮ್ಮದು?

ಈ ವಾರದ ಪ್ರಶ್ನೆ ಬಂದಿರೋದು ಜೆ.ಪಿ. ನಗರದ ಓದುಗರೊಬ್ಬರಿಂದ:

“ನಮ್ಮಪ್ಪನಿಗೆ ಗ್ಲಾಕೋಮಾ. ಎಡಗಣ್ಣಲ್ಲಿ ಅರ್ಧದಷ್ಟು ದೃಷ್ಟಿ ಹೋಗಿಬಿಟ್ಟಿದೆ. ನಾನು ಎಂಟು ತಿಂಗಳಿಂದ ಆಂಗ್ಸೈಟಿಗೆ ಅಂತ ಸೆರೊಟೋನಿನ್ ಹೆಚ್ಚಿಸೋ ಮಾತ್ರೆ ತಗೊಳ್ತಿದ್ದೀನಿ. ಗೋಲ್ಡ್ ಫಿಶ್ ಕಣ್ಣಿನ ನರ ಹಾಳಾದ್ರೂ ಮತ್ತೆ ಬೆಳೆಯುತ್ತಂತೆ, ಆದ್ರೆ ಸೆರೊಟೋನಿನ್ ಆ ಬೆಳವಣಿಗೆನ ತಡೆಯುತ್ತಂತೆ. ಗ್ಲಾಕೋಮಾ ಬೇರೆ ಮನೆತನದಲ್ಲಿ ಬರೋ ಕಾಯಿಲೆ ಅಂತಾರೆ. ಹಾಗಾದ್ರೆ ನಾನು ಮಾತ್ರೆ ನಿಲ್ಲಿಸಿಬಿಡ್ಲಾ?”

ಮೆಟ್ರೋದಲ್ಲಿ ನಿಂತ್ಕೊಂಡು ಓದ್ತಿರೋರಿಗೆ ಅನುಕೂಲ ಆಗ್ಲಿ ಅಂತ ಉತ್ತರ ಮೊದಲೇ ಹೇಳಿಬಿಡ್ತೀನಿ. ನಿಲ್ಲಿಸಬೇಡಿ. ಮೀನಿನ ಪ್ರಯೋಗ ನಿಜ. ಆದರೆ ಅದನ್ನಿಟ್ಟುಕೊಂಡು ನಿಮ್ಮ ಮಾತ್ರೆಯ ಬಗ್ಗೆ ತೀರ್ಮಾನ ಮಾಡೋಕೆ ಬರಲ್ಲ. ಅಪ್ಪನ ಕಣ್ಣಿನ ವಿಷಯಕ್ಕೆ ಮಾತ್ರ ಆ ಮೀನಿನ ಕಥೆ ತುಂಬಾ ಹತ್ತಿರದ್ದು. ಯಾಕೆ ಅಂತ ನಿಧಾನವಾಗಿ ನೋಡೋಣ.

ಅಪ್ಪು ಕೊಟ್ಟಿದ್ದು ಕಣ್ಣಿನ ಯಾವ ಭಾಗ?

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2006ರ ಏಪ್ರಿಲ್‌ನಲ್ಲಿ ಅಣ್ಣಾವ್ರು ಹೋದಾಗಲೂ ಹಾಗೇ ಆಗಿತ್ತು. ಅಪ್ಪು ಕಣ್ಣುಗಳಿಂದ ನಾರಾಯಣ ನೇತ್ರಾಲಯದಲ್ಲಿ ನಾಲ್ಕು ಜನರಿಗೆ ದೃಷ್ಟಿ ಬಂತು. ಎರಡು ಕಣ್ಣಿಂದ ನಾಲ್ವರಿಗೆ ಹೇಗೆ ಅಂತ ಆಗ ಎಲ್ಲರಿಗೂ ಆಶ್ಚರ್ಯ.

ಕಸಿ ಮಾಡೋದು ಇಡೀ ಕಣ್ಣನ್ನಲ್ಲ. ಕಣ್ಣಿನ ಮುಂಭಾಗದಲ್ಲಿ ವಾಚಿನ ಗಾಜಿನ ಹಾಗೆ ಇರುವ ಪಾರದರ್ಶಕ ಭಾಗವನ್ನು ಮಾತ್ರ. ಅದೇ ಕಾರ್ನಿಯಾ. ಅದನ್ನೂ ಪದರ ಪದರವಾಗಿ ಬಿಡಿಸಬಹುದು. ಒಬ್ಬರಿಗೆ ಮೇಲಿನ ಪದರ ಕೆಟ್ಟಿರುತ್ತೆ, ಇನ್ನೊಬ್ಬರಿಗೆ ಒಳಗಿನ ಪದರ. ಅಪ್ಪು ಅವರ ಎರಡು ಕಾರ್ನಿಯಾಗಳನ್ನು ಹೀಗೆ ಹಂಚಿದ್ದರಿಂದ ನಾಲ್ಕು ಜನರಿಗೆ ಬೆಳಕು ಸಿಕ್ತು.

ಇಡೀ ಕಣ್ಣನ್ನೇ ಯಾಕೆ ಹಾಕಲ್ಲ? ಹಾಕಿ ನೋಡಿದ್ದಾರೆ. 2023ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ವೈದ್ಯರು ಅಪಘಾತದಲ್ಲಿ ಮುಖ ಸುಟ್ಟುಹೋಗಿದ್ದ ಒಬ್ಬರಿಗೆ ಮುಖದ ಭಾಗದ ಜೊತೆ ಇಡೀ ಕಣ್ಣನ್ನೂ ಕಸಿ ಮಾಡಿದರು. ಕಣ್ಣು ಉಳಿಯಿತು, ರಕ್ತ ಹರಿಯಿತು. ಕಾಣಿಸಲು ಮಾತ್ರ ಇಲ್ಲ.

ತೊಂದರೆ ಇರೋದು ಕಣ್ಣಿನ ಹಿಂದಿನ ತಂತಿಯಲ್ಲಿ. ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ರೆಟಿನಾ, ಅಂದರೆ ಸ್ಕೂಲಲ್ಲಿ ಅಕ್ಷಿಪಟಲ ಅಂತ ಓದಿದ್ವಲ್ಲ ಅದು, ಬೆಳಕನ್ನು ವಿದ್ಯುತ್ ಸಂಕೇತ ಮಾಡುತ್ತೆ. ಆ ಸಂಕೇತವನ್ನು ಮಿದುಳಿಗೆ ಒಯ್ಯೋದು ದೃಷ್ಟಿನರ. ಹೊರಗಿನಿಂದ ನೋಡೋಕೆ ತೆಳ್ಳನೆ ಹುರಿ, ಒಳಗೆ 10 ಲಕ್ಷಕ್ಕೂ ಹೆಚ್ಚು ಎಳೆಗಳು. ಒಂದೊಂದು ಎಳೆಯೂ ರೆಟಿನಾದ ಒಂದೊಂದು ಗ್ಯಾಂಗ್ಲಿಯಾನ್ ಕೋಶದಿಂದ ಹೊರಟು ಮಿದುಳಿನಲ್ಲಿ ತನ್ನದೇ ಜಾಗಕ್ಕೆ ಹೋಗಿ ಸೇರುತ್ತೆ. ರಸ್ತೆ ಅಗೆಯುವಾಗ ಫೈಬರ್ ಕೇಬಲ್ ತುಂಡಾದರೆ ಲೈನ್‌ಮನ್ ಬಂದು ಬಣ್ಣ ನೋಡಿ ಎಳೆ ಎಳೆ ಜೋಡಿಸ್ತಾನೆ. ದೃಷ್ಟಿನರ ತುಂಡಾದರೆ ಜೋಡಿಸೋಕೆ ಯಾವ ಡಾಕ್ಟರಿಗೂ ಇವತ್ತಿನವರೆಗೆ ಆಗಿಲ್ಲ.

ಪೊರೆ ಮತ್ತು ಗ್ಲಾಕೋಮಾ ನಡುವಿನ ವ್ಯತ್ಯಾಸವೂ ಇಲ್ಲೇ ಇರೋದು. ಪೊರೆ ಬಂದಾಗ ಮಂಜಾಗೋದು ಮುಂದಿನ ಲೆನ್ಸ್. ಅದನ್ನು ತೆಗೆದು ಬೇರೆ ಹಾಕಿದರೆ ಆಯ್ತು. ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ ಪೊರೆ ತೆಗೆಯುತ್ತಿದ್ದರು ಅಂತ ನಿಮ್ಮ ತಾತ ಅಜ್ಜಿ ಹೇಳಿರ್ತಾರೆ. ಆಪರೇಷನ್ ಆದಮೇಲೆ ಮೊಮ್ಮಗನ ಮುಖ ಮತ್ತೆ ಕಂಡಿತು ಅನ್ನೋ ಕಥೆಗಳು ಹುಟ್ಟಿದ್ದು ಆ ಶಿಬಿರಗಳಿಂದಲೇ. ಗ್ಲಾಕೋಮಾದಲ್ಲಿ ಹಾಳಾಗೋದು ಹಿಂದಿನ ನರ. ಕಣ್ಣೊಳಗಿನ ಒತ್ತಡ ಮುಂತಾದ ಕಾರಣಗಳಿಂದ ಎಳೆಗಳು ಒಂದೊಂದಾಗಿ ಒಣಗುತ್ತವೆ. ಹೋದ ಎಳೆ ಹೋಯ್ತು. ಅಪ್ಪನ ಎಡಗಣ್ಣಿನಲ್ಲಿ ಆಗಿರೋದು ಇದು.

ಗಾಜಿನ ತೊಟ್ಟಿಯ ಪವಾಡ

ಈಗ ಮೀನಿನ ವಿಷಯಕ್ಕೆ ಬರೋಣ. ಎಷ್ಟೋ ಮನೆಗಳ ಹಾಲ್‌ನಲ್ಲಿ, ಆಫೀಸ್ ರಿಸೆಪ್ಷನ್‌ನಲ್ಲಿ ಗಾಜಿನ ತೊಟ್ಟಿಯೊಳಗೆ ಸುತ್ತುತ್ತಿರುವ ಅದೇ ಕಿತ್ತಳೆ ಬಣ್ಣದ ಗೋಲ್ಡ್ ಫಿಶ್. ಅದರ ದೃಷ್ಟಿನರವನ್ನು ಜಜ್ಜಿದರೆ ಆ ಕಣ್ಣು ಕುರುಡಾಗುತ್ತೆ. ಆದರೆ ಕೆಲವೇ ವಾರಗಳಲ್ಲಿ ಎಳೆಗಳು ಮತ್ತೆ ಬೆಳೆದು ಮಿದುಳನ್ನು ಮುಟ್ಟುತ್ತವೆ. ಮೀನಿಗೆ ಮತ್ತೆ ಕಾಣಿಸುತ್ತೆ. ಇಲಿಗೋ ಮನುಷ್ಯರಿಗೋ ಇದೇ ಪೆಟ್ಟು ಬಿದ್ದರೆ ಎಳೆ ಬೆಳೆಯೋದು ಹಾಗಿರಲಿ, ಅದರ ಮೂಲದಲ್ಲಿರುವ ಕೋಶಗಳಲ್ಲೇ ಬಹುಪಾಲು ಸತ್ತುಹೋಗುತ್ತವೆ.

ಮತ್ತೆ ಬೆಳೆಯೋದಕ್ಕಿಂತ ದೊಡ್ಡ ಆಶ್ಚರ್ಯ ಸರಿಯಾದ ಜಾಗಕ್ಕೇ ಹೋಗಿ ಸೇರೋದು. 1940ರ ದಶಕದಲ್ಲಿ ಅಮೆರಿಕದ ರೋಜರ್ ಸ್ಪೆರಿ ಕಪ್ಪೆಗಳ ದೃಷ್ಟಿನರ ಕತ್ತರಿಸಿ, ಕಣ್ಣನ್ನು ತಲೆಕೆಳಗಾಗಿ ತಿರುಗಿಸಿ ಕೂರಿಸಿದರು. ನರ ಬೆಳೆದು ಕೂಡಿಕೊಂಡಿತು. ಆದರೆ ಮೇಲೆ ನೊಣ ಕಂಡರೆ ಕಪ್ಪೆ ಕೆಳಗೆ ನಾಲಿಗೆ ಚಾಚುತ್ತಿತ್ತು. ಎಷ್ಟು ದಿನ ಕಳೆದರೂ ತಿದ್ದಿಕೊಳ್ಳಲಿಲ್ಲ. ಅಂದರೆ ಎಳೆಗಳು ಅನುಭವದಿಂದ ಕಲಿತು ಹೊಸ ದಾರಿ ಹುಡುಕಿದ್ದಲ್ಲ. ಕಣ್ಣು ತಿರುಗಿದ್ದು ಅವಕ್ಕೆ ಗೊತ್ತೇ ಇಲ್ಲ, ಹಳೇ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟಿದ್ದವು. ಪ್ರತಿ ಎಳೆಯ ಮೇಲೂ, ಅದು ಸೇರಬೇಕಾದ ಜಾಗದ ಮೇಲೂ ರಾಸಾಯನಿಕ ಗುರುತು ಇರಬೇಕು ಅಂತ ಸ್ಪೆರಿ ವಾದಿಸಿದರು. ಮೀನುಗಳಲ್ಲೂ ಇಂಥ ಪ್ರಯೋಗ ಮಾಡಿದರು. ಮಿದುಳಿನ ಎಡ ಬಲ ಭಾಗಗಳ ಕುರಿತ ಕೆಲಸಕ್ಕೆ 1981ರಲ್ಲಿ ನೊಬೆಲ್ ಪಡೆದವರೂ ಇವರೇ.

ಹೀಗಾಗಿ ನರ ಮತ್ತೆ ಬೆಳೆಯೋಕೆ ಎರಡು ಕೆಲಸ ಆಗಬೇಕು. ಒಂದು, ಮುಂದೆ ಹೋಗೋದು. ಇನ್ನೊಂದು, ತನ್ನ ಸ್ಟಾಪ್ ಬಂದಾಗ ನಿಲ್ಲೋದು. ಎರಡನೆಯದನ್ನು ನಾವು ಮರೆತುಬಿಡ್ತೀವಿ. ಸೆರೊಟೋನಿನ್ ಕಥೆಯಲ್ಲಿ ಬರೋದು ಆ ಎರಡನೆಯದೇ.

ಕರಾಕಸ್‌ನ ತಟ್ಟೆಯಲ್ಲಿ ಏನಾಯ್ತು?

ನಮ್ಮ ಓದುಗರು ಹೇಳುತ್ತಿರುವ ಪ್ರಯೋಗದ ಮೂಲ ದಕ್ಷಿಣ ಅಮೆರಿಕದ ವೆನೆಜುವೆಲಾ. ಅಲ್ಲಿನ ರಾಜಧಾನಿ ಕರಾಕಸ್ ಬಳಿಯ ಐವಿಕ್ ಅನ್ನೋ ಸಂಶೋಧನಾ ಸಂಸ್ಥೆಯಲ್ಲಿ ಲೂಸಿಮೇ ಲಿಮಾ ಮತ್ತು ಸಂಗಡಿಗರು ವರ್ಷಗಟ್ಟಲೆ ಗೋಲ್ಡ್ ಫಿಶ್ ರೆಟಿನಾ ಇಟ್ಟುಕೊಂಡು ಕೆಲಸ ಮಾಡಿದರು.

ವಿಧಾನ ಹೀಗೆ. ಮೊದಲು ಮೀನಿನ ದೃಷ್ಟಿನರ ಜಜ್ಜುತ್ತಾರೆ. ಕೆಲವು ದಿನ ಬಿಟ್ಟು ಆ ಕಣ್ಣಿನ ರೆಟಿನಾ ತೆಗೆದು, ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿ, ಪೋಷಕ ದ್ರವ ಇರುವ ಗಾಜಿನ ತಟ್ಟೆಯಲ್ಲಿ ಇಡುತ್ತಾರೆ. ದಿನ ಕಳೆದಂತೆ ಚೌಕದ ಅಂಚಿನಿಂದ ನರದ ಎಳೆಗಳು ಹೊರಗೆ ಚಾಚುತ್ತವೆ, ಮೊಳಕೆ ಕಾಳಿನಿಂದ ಬಾಲ ಬಂದ ಹಾಗೆ. ಎಷ್ಟು ಎಳೆ, ಎಷ್ಟು ಉದ್ದ ಅಂತ ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಮೊದಲೇ ಜಜ್ಜಿರದ ನರದ ರೆಟಿನಾ ಇಟ್ಟರೆ ಬೆಳವಣಿಗೆ ತೀರಾ ಕಡಿಮೆ. ಪೆಟ್ಟು ಬಿದ್ದಮೇಲೇ ಆ ಕೋಶಗಳು ಬೆಳೆಯುವ ಕೆಲಸಕ್ಕೆ ಸಜ್ಜಾಗೋದು. ಇದನ್ನು 1970ರ ದಶಕದಲ್ಲೇ ಅಮೆರಿಕದ ಮಿಶಿಗನ್‌ನಲ್ಲಿ ಬರ್ನಾರ್ಡ್ ಅಗ್ರಾನೋಫ್ ಅವರ ಪ್ರಯೋಗಾಲಯ ತೋರಿಸಿತ್ತು.

ಲಿಮಾ ತಂಡ ಈ ದ್ರವಕ್ಕೆ ಟಾರಿನ್ ಸೇರಿಸಿದಾಗ ಎಳೆಗಳು ಹೆಚ್ಚಿದವು, ಉದ್ದವಾದವು. ಸೆರೊಟೋನಿನ್ ಸೇರಿಸಿದಾಗ ಕಡಿಮೆಯಾದವು. ಎರಡನ್ನೂ ಸೇರಿಸಿದಾಗ ಟಾರಿನ್ ಕೊಡುತ್ತಿದ್ದ ಉತ್ತೇಜನವನ್ನೂ ಸೆರೊಟೋನಿನ್ ಕುಗ್ಗಿಸಿತು. ಇದು 1994ರಲ್ಲಿ ಪ್ರಕಟವಾದ ಕೆಲಸ. ಮುಂದಿನ ಪ್ರಯೋಗಗಳಲ್ಲಿ ಸೆರೊಟೋನಿನ್‌ನ ಈ ಕೆಲಸ 5-ಎಚ್‌ಟಿ-1ಎ ಅನ್ನೋ ರಿಸೆಪ್ಟರ್ ಮೂಲಕ ನಡೆಯುತ್ತೆ ಅನ್ನೋ ಸುಳಿವು ಸಿಕ್ಕಿತು. ರಿಸೆಪ್ಟರ್ ಅಂದರೆ ಕೋಶದ ಮೇಲಿರುವ ಬೀಗ ಅಂದುಕೊಳ್ಳಿ, ಸೆರೊಟೋನಿನ್ ಅದರ ಕೀಲಿಕೈ.

ಹೊರಗಿನಿಂದ ತಂದು ಸುರಿದರೆ ಏನು ಬೇಕಾದರೂ ಆಗಬಹುದು, ಮೀನಿನ ಕಣ್ಣಲ್ಲಿ ಸೆರೊಟೋನಿನ್‌ಗೆ ಏನು ಕೆಲಸ ಅಂತ ನೀವು ಕೇಳಬಹುದು. ಗೋಲ್ಡ್ ಫಿಶ್ ರೆಟಿನಾದಲ್ಲಿ ಸೆರೊಟೋನಿನ್ ಇಟ್ಟುಕೊಂಡಿರುವ ಕೋಶಗಳು ನಿಜವಾಗಿಯೂ ಇವೆ. ಅಮಾಕ್ರೈನ್ ಅನ್ನೋ ಗುಂಪಿನ ಕೆಲವು ಕೋಶಗಳು ಅವು. ಹಾಗಾಗಿ ಬ್ರೇಕ್ ಹೊರಗಿನದಲ್ಲ, ಕಣ್ಣೊಳಗೇ ಇದೆ.

ಬೆಳೆಯೋ ನರಕ್ಕೆ ಬ್ರೇಕ್ ಯಾಕೆ ಬೇಕು?

ಬೆಳೆಯುವ ಪ್ರತಿ ಎಳೆಯ ತುದಿಯಲ್ಲೂ ಅಂಗೈಯ ಹಾಗೆ ಹರಡಿಕೊಂಡ ಒಂದು ಭಾಗ ಇರುತ್ತೆ. ಅದು ಬೆರಳು ಚಾಚಿ ಸುತ್ತಮುತ್ತ ತಡಕುತ್ತಾ, ಮುಂದೆ ಹೋಗಲಾ ತಿರುಗಲಾ ನಿಲ್ಲಲಾ ಅಂತ ನಿರ್ಧರಿಸುತ್ತೆ. 1984ರಲ್ಲಿ ಅಮೆರಿಕದ ಅಯೋವಾದಲ್ಲಿ ಹೇಡನ್, ಮೆಕಾಬ್, ಕೇಟರ್ ಎಂಬ ಮೂವರು ಹೆಲಿಸೋಮಾ ಅನ್ನೋ ಬಸವನಹುಳುವಿನ ನರಕೋಶಗಳಿಗೆ ಸೆರೊಟೋನಿನ್ ಕೊಟ್ಟರು. ಒಂದು ಬಗೆಯ ಕೋಶದ ತುದಿ ಇದ್ದಲ್ಲೇ ನಿಂತುಬಿಟ್ಟಿತು. ಅದೇ ಹುಳುವಿನ ಇನ್ನೊಂದು ಕೋಶ ತನಗೆ ಸಂಬಂಧವೇ ಇಲ್ಲ ಅನ್ನೋ ಹಾಗೆ ಮುಂದೆ ಹೋಯ್ತು.

ಬನಶಂಕರಿ ಬಸ್ ನಿಲ್ದಾಣದಲ್ಲಿ ಸಂಜೆ ಆರು ಗಂಟೆಗೆ ನಿಂತು ನೋಡಿ. ಹತ್ತಾರು ಬಸ್ಸು. ಒಬ್ಬ ಕಂಡಕ್ಟರ್ ಸೀಟಿ ಊದಿದರೆ ಅವನ ಡ್ರೈವರ್ ಮಾತ್ರ ಬ್ರೇಕ್ ಒತ್ತುತ್ತಾನೆ, ಪಕ್ಕದ ಬಸ್ಸಿನವನು ತಿರುಗಿಯೂ ನೋಡಲ್ಲ. ಅದೇ ಸೀಟಿ ಎರಡು ಸಲ ಊದಿದರೆ ಅದೇ ಡ್ರೈವರ್ ಗೇರ್ ಹಾಕುತ್ತಾನೆ. ಸೀಟಿ ಒಳ್ಳೇದಾ ಕೆಟ್ಟದ್ದಾ ಅಂತ ಕೇಳಿದರೆ ಏನು ಹೇಳೋದು? ಯಾರು ಕೇಳಿಸಿಕೊಂಡರು, ಯಾವಾಗ ಕೇಳಿಸಿಕೊಂಡರು ಅನ್ನೋದರಲ್ಲೇ ಅದರ ಅರ್ಥ ಇರೋದು.

ನಿಲ್ಲಿಸೋ ಸೀಟಿಯೂ ಬೇಕೇ ಬೇಕು. ನಿಲ್ಲದೇ ಬೆಳೆಯುವ ಎಳೆ ತನ್ನ ಜಾಗ ದಾಟಿ ಎಲ್ಲೋ ಹೋಗಿ ಜೋಡಿಕೊಂಡರೆ ಸ್ಪೆರಿಯ ಕಪ್ಪೆಯ ಹಾಗೆ ನೊಣ ಒಂದು ಕಡೆ, ನಾಲಿಗೆ ಇನ್ನೊಂದು ಕಡೆ. ಬಳ್ಳಿಗೆ ಚಪ್ಪರ ಹಾಕೋರಿಗೆ ಗೊತ್ತು, ಬರೀ ಗೊಬ್ಬರ ಸುರಿದರೆ ಸಾಲದು, ಕುಡಿ ಚಿವುಟಲೂಬೇಕು.

ನಮ್ಮದೇ ನೀರಿನ ಮೀನು ಬೇರೆ ಮಾತು ಹೇಳಿತು

ಸೆರೊಟೋನಿನ್ ಎಲ್ಲ ಕಡೆಯೂ ಬ್ರೇಕೇನಾ? ಇದಕ್ಕೆ ಉತ್ತರ ಕೊಟ್ಟಿದ್ದು ಇನ್ನೊಂದು ಮೀನು, ಜೀಬ್ರಾ ಫಿಶ್. ಮೈಮೇಲೆ ನೀಲಿ ಪಟ್ಟೆ ಇರುವ, ಕಿರುಬೆರಳಿನಷ್ಟೂ ಇರದ ಈ ಮೀನು ಮೂಲತಃ ನಮ್ಮ ಉಪಖಂಡದ ತೊರೆ, ಗದ್ದೆ ನೀರಿನದು. ಇದನ್ನು 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕದಲ್ಲಿ ಮೊದಲು ವಿವರಿಸಿದವರು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಟಿಪ್ಪು ತೀರಿಕೊಂಡ ಮರುವರ್ಷ, ಅಂದರೆ 1800ರಲ್ಲಿ, ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬೆಳೆ, ಕಸುಬು, ಜಾತಿ, ಮಣ್ಣು ಎಲ್ಲದರ ಬಗ್ಗೆ ಬರೆದುಕೊಂಡ ಬುಕಾನನ್ ಇದೇ ವ್ಯಕ್ತಿ. ಆಗ ಬೆಂಗಳೂರಿಗೂ ಬಂದು ಹೈದರ್, ಟಿಪ್ಪು ಬೆಳೆಸಿದ ತೋಟಗಳನ್ನು ನೋಡಿ ವರ್ಣಿಸಿದ್ದರು. ನೀವು ಜಯನಗರದ ಕಡೆಯಿಂದ ವಾಕಿಂಗ್ ಹೋಗೋ ಲಾಲ್‌ಬಾಗ್ ಆ ತೋಟಗಳಿಂದಲೇ ಬೆಳೆದದ್ದು.

ಆ ಪುಟಾಣಿ ಮೀನು ಇವತ್ತು ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಇದೆ. ಮರಿಗಳು ಪಾರದರ್ಶಕ, ಹಾಗಾಗಿ ಒಳಗೆ ನರಕೋಶ ಕೆಲಸ ಮಾಡೋದನ್ನು ಜೀವಂತವಾಗಿ ನೋಡಬಹುದು. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್‌ನಲ್ಲಿ ವತ್ಸಲಾ ತಿರುಮಲೈ ಅವರ ತಂಡ ಈ ಮೀನಿನ ಈಜಾಟವನ್ನು ಮಿದುಳು ಹೇಗೆ ನಿಯಂತ್ರಿಸುತ್ತೆ ಅಂತ ಅಧ್ಯಯನ ಮಾಡುತ್ತೆ. ಮೊಹಾಲಿಯ ಐಸರ್‌ನಲ್ಲಿ ರಾಜೇಶ್ ರಾಮಚಂದ್ರನ್ ಅವರ ತಂಡದ ವಿಷಯವೇ ಜೀಬ್ರಾ ಫಿಶ್ ರೆಟಿನಾ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳೋದು ಹೇಗೆ ಅನ್ನೋದು. ಈ ಮೀನಿನಲ್ಲಿ ನರ ಮಾತ್ರ ಅಲ್ಲ, ರೆಟಿನಾದ ಕೋಶಗಳೇ ಸತ್ತರೂ ಹೊಸದಾಗಿ ಹುಟ್ಟುತ್ತವೆ.

2015ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ತಂಡ ಜೀಬ್ರಾ ಫಿಶ್ ಬೆನ್ನುಹುರಿಗೆ ಪೆಟ್ಟಾದಾಗ ಏನಾಗುತ್ತೆ ಅಂತ ನೋಡಿತು. ಅಲ್ಲಿ ಸೆರೊಟೋನಿನ್ ಸ್ನಾಯುಗಳನ್ನು ಆಡಿಸುವ ನರಕೋಶಗಳು ಹೊಸದಾಗಿ ಹುಟ್ಟೋದಕ್ಕೆ ನೆರವಾಗುತ್ತಿತ್ತು. 2016ರಲ್ಲಿ ಜಪಾನಿನ ನಾಗೋಯಾದವರು ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಹುಳುವಿನಲ್ಲಿ ಇನ್ನೂ ವಿಚಿತ್ರ ಕಂಡರು. ಕತ್ತರಿಸಿದ ನರಕೋಶ, ಅದುವರೆಗೆ ಸೆರೊಟೋನಿನ್ ತಯಾರಿಸದೇ ಇದ್ದದ್ದು, ಪೆಟ್ಟು ಬಿದ್ದಮೇಲೆ ತಾನೇ ತಯಾರಿಸೋಕೆ ಶುರು ಮಾಡಿತು, ಅದರ ಬಲದಿಂದಲೇ ಬೆಳೆಯಿತು.

ಗೋಲ್ಡ್ ಫಿಶ್ ಕಣ್ಣಲ್ಲಿ ಹೋಲ್ಡಾನ್, ಜೀಬ್ರಾ ಫಿಶ್ ಬೆನ್ನುಹುರಿಯಲ್ಲಿ ರೈಟ್ ರೈಟ್. ಸೆರೊಟೋನಿನ್ ಒಂದೇ.

ಹಾಗಾದ್ರೆ ನಿಮ್ಮ ಮಾತ್ರೆ?

ಸೆರೊಟೋನಿನ್‌ಗೆ ‘ಖುಷಿ ಹಾರ್ಮೋನ್’ ಅಂತ ಹೆಸರು ಅಂಟಿಸಿದ್ದೇ ಅರ್ಧ ಗೊಂದಲಕ್ಕೆ ಕಾರಣ. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಇದನ್ನು ಬೇರ್ಪಡಿಸಿದಾಗ ಖುಷಿಯ ಮಾತೇ ಇರಲಿಲ್ಲ. ರಕ್ತದ ಸೀರಂನಲ್ಲಿ ರಕ್ತನಾಳಗಳನ್ನು ಬಿಗಿ ಮಾಡುವ ವಸ್ತು ಯಾವುದು ಅಂತ ಹುಡುಕುತ್ತಾ ಸಿಕ್ಕಿದ್ದು, ಹೆಸರೂ ಅದರಿಂದಲೇ ಬಂತು. ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಶೇ. 90ರಷ್ಟು ಇರೋದು ಹೊಟ್ಟೆ, ಕರುಳಿನಲ್ಲಿ. ಅದನ್ನು ಕೇಳಿಸಿಕೊಳ್ಳುವ ರಿಸೆಪ್ಟರ್‌ಗಳೂ ಒಂದೆರಡಲ್ಲ, 14 ಬಗೆ. ಬಾಳೆಹಣ್ಣಲ್ಲಿ ಸೆರೊಟೋನಿನ್ ಇದೆ, ತಿಂದರೆ ಮೂಡ್ ಸರಿಹೋಗುತ್ತೆ ಅನ್ನೋ ರೀಲ್ ನೋಡಿರ್ತೀರಿ. ಬಾಳೆಹಣ್ಣು ತಿನ್ನಿ, ಒಳ್ಳೇದು. ಆದರೆ ರಕ್ತದಲ್ಲಿರೋ ಸೆರೊಟೋನಿನ್ ಮಿದುಳಿನೊಳಗೆ ದಾಟೋಕಾಗಲ್ಲ, ಅಲ್ಲಿ ಬೇಲಿ ಇದೆ. ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತೆ.

ನೀವು ತಗೊಳ್ತಿರೋ ಬಗೆಯ ಮಾತ್ರೆ, ಎರಡು ನರಕೋಶಗಳ ನಡುವೆ ಬಿಡುಗಡೆಯಾದ ಸೆರೊಟೋನಿನ್ ಬೇಗ ವಾಪಸ್ ಹೋಗದ ಹಾಗೆ ನೋಡಿಕೊಳ್ಳುತ್ತೆ. ಕಿತ್ತು ತಂದ ಮೀನಿನ ರೆಟಿನಾ ಚೂರಿನ ಮೇಲೆ ನೇರವಾಗಿ ಸೆರೊಟೋನಿನ್ ಸುರಿಯೋದಕ್ಕೂ ಇದಕ್ಕೂ ಹೋಲಿಕೆ ಇಲ್ಲ. ಅದಕ್ಕಿಂತ ಮುಖ್ಯವಾದ ಮಾತು, ಮನುಷ್ಯರ ದೃಷ್ಟಿನರ ಹೇಗೂ ಮತ್ತೆ ಬೆಳೆಯಲ್ಲ. ಓಡದೇ ನಿಂತಿರೋ ಬಸ್ಸಿಗೆ ಬ್ರೇಕ್ ಹಾಕೋದು ಹೇಗೆ?

ಉಲ್ಟಾ ಆಸೆಯೂ ಬೇಡ. 2008ರಲ್ಲಿ ಇಟಲಿಯ ಪೀಸಾದಲ್ಲಿ, ಚಿಕ್ಕಂದಿನಿಂದ ಒಂದು ಕಣ್ಣು ಮಂಕಾಗಿದ್ದ ದೊಡ್ಡ ಇಲಿಗಳಿಗೆ ಫ್ಲೂಆಕ್ಸೆಟಿನ್ ಅನ್ನೋ ಇದೇ ಗುಂಪಿನ ಔಷಧಿ ಕೊಟ್ಟಾಗ ಮಿದುಳಿನ ದೃಷ್ಟಿ ಭಾಗ ಮತ್ತೆ ಎಳೆತನದ ಹಾಗೆ ಬದಲಾಗೋಕೆ ತಯಾರಾಯ್ತು, ಆ ಕಣ್ಣಿನ ದೃಷ್ಟಿ ಸುಧಾರಿಸಿತು. 2011ರಲ್ಲಿ ಫ್ರಾನ್ಸ್‌ನಲ್ಲಿ 118 ಮಂದಿ ಪಾರ್ಶ್ವವಾಯು ರೋಗಿಗಳ ಮೇಲಿನ ಅಧ್ಯಯನದಲ್ಲಿ ಕೈಕಾಲು ಚಲನೆ ಚೆನ್ನಾಗಿ ಸುಧಾರಿಸಿದಂತೆ ಕಂಡಿತು. ಎಲ್ಲರಿಗೂ ಉತ್ಸಾಹ. ಆಮೇಲೆ ಬ್ರಿಟನ್‌ನಲ್ಲಿ 3,127 ರೋಗಿಗಳನ್ನು ಸೇರಿಸಿ ದೊಡ್ಡ ಪರೀಕ್ಷೆ ಮಾಡಿದರು. 2019ರಲ್ಲಿ ಬಂದ ಫಲಿತಾಂಶ: ಆರು ತಿಂಗಳು ಫ್ಲೂಆಕ್ಸೆಟಿನ್ ತಗೊಂಡವರಿಗೂ ಬರೀ ತೋರಿಕೆಯ ಮಾತ್ರೆ ತಗೊಂಡವರಿಗೂ ಚೇತರಿಕೆಯಲ್ಲಿ ವ್ಯತ್ಯಾಸವಿಲ್ಲ. ಖಿನ್ನತೆ ಕಡಿಮೆ ಆಯ್ತು, ಮೂಳೆ ಮುರಿತ ಮಾತ್ರ ಹೆಚ್ಚಾಯ್ತು. ಇಲಿಯಿಂದ ಮನುಷ್ಯರಿಗೆ ಬರೋವಷ್ಟರಲ್ಲೇ ಇಷ್ಟು ಬದಲಾದರೆ, ಮೀನಿನ ರೆಟಿನಾ ಚೂರಿನಿಂದ ನಿಮ್ಮ ಮಾತ್ರೆ ಡಬ್ಬಿಗೆ ನೆಗೆಯೋದು ಎಷ್ಟು ಸರಿ?

ಮಾತ್ರೆ ದಿಢೀರ್ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಕಿರಿಕಿರಿ, ಮೈಯಲ್ಲಿ ಶಾಕ್ ಹೊಡೆದಂತಾಗೋದು ಎಲ್ಲ ಆಗಬಹುದು. ಕಡಿಮೆಯಾಗಿದ್ದ ಆತಂಕವೂ ವಾಪಸ್ ಬರಬಹುದು. ಬಿಡಬೇಕು ಅನ್ನಿಸಿದರೆ ಬರೆದುಕೊಟ್ಟ ಡಾಕ್ಟರ್ ಹತ್ತಿರ ಮಾತಾಡಿ, ಅವರು ನಿಧಾನವಾಗಿ ಇಳಿಸುತ್ತಾರೆ. ಕಣ್ಣಿನ ಡಾಕ್ಟರಿಗೂ ಈ ಮಾತ್ರೆ ತಗೊಳ್ತಿದ್ದೀನಿ ಅಂತ ಹೇಳಿ. ಕಣ್ಣೊಳಗಿನ ದ್ರವ ಹೊರಹೋಗುವ ಕೋನ ಹುಟ್ಟಿನಿಂದಲೇ ಕಿರಿದಾಗಿರುವ ಕೆಲವರಲ್ಲಿ ಕೆಲವು ಔಷಧಿಗಳು ಒತ್ತಡ ಏರಿಸಬಹುದು. ಅದನ್ನು ಅವರು ಪರೀಕ್ಷಿಸಿ ಹೇಳ್ತಾರೆ. ತಕ್ಷಣ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡ್ತಾರೆ. ಈ ಯೋಜನೆಗೆ ಮಾರ್ಗದರ್ಶನ ಮಾಡೋದು ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್.

ಹಾಂ, ಟಾರಿನ್ ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ಯೋಚಿಸ್ತಿದ್ದೀರಾ? ಎನರ್ಜಿ ಡ್ರಿಂಕ್ ಕ್ಯಾನ್ ಹಿಂದೆ ಓದಿರ್ತೀರಿ. ರೆಟಿನಾದಲ್ಲಿ ಟಾರಿನ್ ಧಾರಾಳವಾಗಿದೆ, ಬೆಕ್ಕಿನ ಆಹಾರದಲ್ಲಿ ಅದು ಇಲ್ಲದಿದ್ದರೆ ಅದರ ರೆಟಿನಾ ಹಾಳಾಗೋದೂ ನಿಜ. ಹಾಗಂತ ರಾತ್ರಿ ಶಿಫ್ಟ್‌ನಲ್ಲಿ ಎರಡು ಕ್ಯಾನ್ ಕುಡಿದರೆ ಕಣ್ಣಿನ ನರ ಬೆಳೆಯುತ್ತೆ ಅಂತ ಅಪ್ಪನಿಗೂ ತಂದುಕೊಡಬೇಡಿ. ಬರೋದು ಸಕ್ಕರೆ ಮತ್ತು ಕೆಫೀನ್.

ನಮ್ಮ ನರ ಯಾಕೆ ಬೆಳೆಯಲ್ಲ?

ಬೆಳೆಯುವ ಶಕ್ತಿಯೇ ಇಲ್ಲವಾ? ಇದೆ ಅಂತ 1980ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಆಲ್ಬರ್ಟ್ ಅಗ್ವಾಯೊ ತೋರಿಸಿದರು. ಇಲಿಯ ಕತ್ತರಿಸಿದ ದೃಷ್ಟಿನರಕ್ಕೆ ಅದರದೇ ಕಾಲಿನ ನರದ ತುಂಡೊಂದನ್ನು ಜೋಡಿಸಿದಾಗ ಕಣ್ಣಿನ ಕೆಲವು ಎಳೆಗಳು ಅದರೊಳಗೆ ಸೆಂಟಿಮೀಟರ್‌ಗಟ್ಟಲೆ ಬೆಳೆದವು. ಕೈಕಾಲಿನ ನರದೊಳಗಿನ ವಾತಾವರಣ ಬಾ ಅನ್ನುತ್ತೆ, ಮಿದುಳು ಮತ್ತು ದೃಷ್ಟಿನರದೊಳಗಿನ ವಾತಾವರಣ ಬೇಡ ಅನ್ನುತ್ತೆ. 2008ರಲ್ಲಿ ಅಮೆರಿಕದ ಬಾಸ್ಟನ್ ತಂಡ ಇಲಿಯ ಕೋಶದೊಳಗಿನ ಪಿಟೆನ್ ಅನ್ನೋ ಒಂದು ಜೀನ್ ತೆಗೆದುಹಾಕಿದಾಗ ದೃಷ್ಟಿನರದ ಎಳೆಗಳು ಮತ್ತೆ ಬೆಳೆಯೋಕೆ ಶುರು ಮಾಡಿದವು. ಆದರೆ ಪಿಟೆನ್ ಇರೋದೇ ಕೋಶಗಳು ಮಿತಿಮೀರಿ ಬೆಳೆದು ಕ್ಯಾನ್ಸರ್ ಆಗದ ಹಾಗೆ ಕಾಯೋಕೆ. ಮತ್ತೆ ಅದೇ ಕಥೆ, ಬ್ರೇಕ್ ತೆಗೆದರೆ ಬಸ್ಸು ಓಡುತ್ತೆ, ಎಲ್ಲಿ ನಿಲ್ಲುತ್ತೆ ಅನ್ನೋದು ಬೇರೆ ಪ್ರಶ್ನೆ.

ಇಷ್ಟು ಕೆಲಸ ನಡೆದಿದ್ದರೂ ಹೋದ ದೃಷ್ಟಿನರವನ್ನು ಮತ್ತೆ ಬೆಳೆಸುವ ಚಿಕಿತ್ಸೆ ಇವತ್ತು ಯಾವ ಆಸ್ಪತ್ರೆಯಲ್ಲೂ ಇಲ್ಲ. ಯಾರಾದರೂ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟು ಗ್ಲಾಕೋಮಾದಲ್ಲಿ ಹೋದ ದೃಷ್ಟಿ ತರ್ತೀವಿ, ಇಷ್ಟು ಲಕ್ಷ ಆಗುತ್ತೆ ಅಂದರೆ ಎದ್ದು ಬನ್ನಿ. ಅಮೆರಿಕದ ಫ್ಲಾರಿಡಾದಲ್ಲಿ ರೆಟಿನಾ ಕಾಯಿಲೆ ಇದ್ದ ಮೂವರು ಮಹಿಳೆಯರು ಅವರದೇ ಕೊಬ್ಬಿನಿಂದ ತೆಗೆದ ಸ್ಟೆಮ್ ಸೆಲ್ ಅನ್ನು ಕಣ್ಣಿಗೆ ಹಾಕಿಸಿಕೊಂಡು, ಇದ್ದ ದೃಷ್ಟಿಯನ್ನೂ ಕಳೆದುಕೊಂಡ ವರದಿ 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ಬಂತು. ಅಪ್ಪನಿಗಾಗಿ ಏನಾದರೂ ಮಾಡಬೇಕು ಅನ್ನೋ ಮಕ್ಕಳ ಆಸೆಯೇ ಇಂಥ ವ್ಯಾಪಾರಕ್ಕೆ ಬಂಡವಾಳ.

ಉಳಿದಿರೋ ಎಳೆಗಳು

ಮೀನಿಗೆ ಸಿಕ್ಕ ವರ ನಮಗೆ ಸಿಕ್ಕಿಲ್ಲ. ಹಾಗಾಗಿ ಗ್ಲಾಕೋಮಾದಲ್ಲಿ ಇರೋದು ಒಂದೇ ಲೆಕ್ಕ, ಉಳಿದಿರೋ ಎಳೆಗಳನ್ನು ಉಳಿಸಿಕೊಳ್ಳೋದು. ಡ್ರಾಪ್ಸ್ ಹಾಕಿದರೆ ದೃಷ್ಟಿ ಹೆಚ್ಚಾಗಲ್ಲ, ಅದಕ್ಕೇ ಎಷ್ಟೋ ಹಿರಿಯರು “ಏನೂ ಪ್ರಯೋಜನ ಇಲ್ಲ ಕಣೋ” ಅಂತ ಬಿಟ್ಟುಬಿಡ್ತಾರೆ. ಅದರ ಪ್ರಯೋಜನ ಕಣ್ಣಿಗೆ ಕಾಣೋಂಥದ್ದಲ್ಲ. ಅದು ಒತ್ತಡ ಇಳಿಸಿ ನಾಳೆ ಹೋಗಬೇಕಿದ್ದ ಎಳೆಯನ್ನು ಕಾಯುತ್ತೆ.

ದೇಶದಲ್ಲಿ 40 ದಾಟಿದವರಲ್ಲಿ ಒಂದು ಕೋಟಿಗೂ ಹೆಚ್ಚು ಜನರಿಗೆ ಗ್ಲಾಕೋಮಾ ಇದೆ ಅನ್ನೋ ಅಂದಾಜಿದೆ, ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ. ನೋವಿಲ್ಲ, ಕೆಂಪಾಗಲ್ಲ, ಮೊದಲು ಮಂಕಾಗೋದು ಪಕ್ಕದ ನೋಟ. ಪೇಪರ್ ಓದೋಕೆ ತೊಂದರೆ ಇಲ್ಲ, ಟಿವಿ ಕಾಣುತ್ತೆ ಅಂತ ಅಪ್ಪ ಅಮ್ಮ ಹೇಳೋದು ನಿಜವೇ ಇರುತ್ತೆ, ಆದರೆ ಅದು ಗ್ಲಾಕೋಮಾ ಇಲ್ಲ ಅನ್ನೋದಕ್ಕೆ ಸಾಕ್ಷಿಯಲ್ಲ. ಕನ್ನಡಕದ ಅಂಗಡಿಯಲ್ಲಿ ನಂಬರ್ ಚೆಕ್ ಮಾಡಿಸೋದೂ ಸಾಲದು. ಕಣ್ಣಿನ ಡಾಕ್ಟರ್ ಒತ್ತಡ ಅಳೆದು, ಪಾಪೆ ಅಗಲಿಸಿ ನರವನ್ನು ನೋಡಬೇಕು, ಅನುಮಾನ ಬಂದರೆ ಪಕ್ಕದ ನೋಟದ ಪರೀಕ್ಷೆ ಮಾಡಬೇಕು.

ಜೆ.ಪಿ. ನಗರದ ಓದುಗರಿಗೆ ಹೇಳೋದಿಷ್ಟು. ಅಪ್ಪನಿಗೆ ಇರೋದರಿಂದ ನಿಮಗೂ ನಿಮ್ಮ ಒಡಹುಟ್ಟಿದವರಿಗೂ ಅಪಾಯ ಉಳಿದವರಿಗಿಂತ ಹೆಚ್ಚು. 40 ಆಗಲಿ ಅಂತ ಕಾಯಬೇಡಿ, ಒಮ್ಮೆ ತೋರಿಸಿ, ಮತ್ತೆ ಯಾವಾಗ ಬರಬೇಕು ಅಂತ ಡಾಕ್ಟರನ್ನೇ ಕೇಳಿ. ಅಪ್ಪನ ಡ್ರಾಪ್ಸ್ ಹೊತ್ತಿಗೆ ಅವರ ಫೋನಲ್ಲಿ ಅಲಾರಂ ಇಡಿ. ಅವರು ಹನಿ ಕಣ್ಣೊಳಗೆ ಹಾಕಿಕೊಳ್ತಿದ್ದಾರಾ, ಕೆನ್ನೆ ಮೇಲೆ ಹಾಕಿಕೊಳ್ತಿದ್ದಾರಾ ಅಂತ ಒಂದು ದಿನ ಪಕ್ಕದಲ್ಲಿ ನಿಂತು ನೋಡಿ. ಅಲರ್ಜಿಗೆ, ಕಣ್ಣು ಕೆಂಪಾದ್ದಕ್ಕೆ ಅಂತ ಮೆಡಿಕಲ್ ಶಾಪಿನಿಂದ ಹಾಗೇ ಕೇಳಿ ತಂದ ಡ್ರಾಪ್ಸ್ ಮನೆಯಲ್ಲಿದ್ದರೆ ಡಾಕ್ಟರಿಗೆ ತೋರಿಸಿ. ಸ್ಟೀರಾಯ್ಡ್ ಇರುವ ಹನಿಗಳನ್ನು ದಿನಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಬಹುದು.

ಉಳಿದ ಓದುಗರೂ ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ರಾ ಅಂತ ಕೇಳಿದಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ. ಕಣ್ಣಿನ ಪ್ರೆಷರ್ ಕೊನೆಗೆ ಚೆಕ್ ಮಾಡಿಸಿದ್ದು ಯಾವಾಗ? “ಕಣ್ಣಿಗೂ ಪ್ರೆಷರ್ ಇರುತ್ತಾ?” ಅಂತ ಆ ಕಡೆಯಿಂದ ಬಂದರೆ, ಆ ವಾರವೇ ಅಪಾಯಿಂಟ್‌ಮೆಂಟ್ ತಗೊಳ್ಳಿ.